ಒತ್ತಿದ ಗುರುತೋ, ಸೋಸಿ ಉಳಿದ ಗುರುತೋ?

1944ರ ನವೆಂಬರ್‌ನಿಂದ 1945ರ ಮೇ ತಿಂಗಳವರೆಗೆ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗ ಹಸಿವಿನಲ್ಲಿ ನರಳಿತು. ಅಲ್ಲಿ ಬೀಡುಬಿಟ್ಟಿದ್ದ ಜರ್ಮನ್ ಆಡಳಿತ ಆಹಾರ ಸಾಗಾಟವನ್ನು ತಡೆದಿತ್ತು. ಚಳಿಗೆ ಕಾಲುವೆಗಳು ಹೆಪ್ಪುಗಟ್ಟಿದವು. ಪಡಿತರ ದಿನಕ್ಕೆ 1000 ಕ್ಯಾಲರಿಗಿಂತ ಕೆಳಗಿಳಿದು, ಆಮೇಲೆ ಅದರ ಅರ್ಧದಷ್ಟಕ್ಕೆ ಬಂತು. ಆ ತಿಂಗಳುಗಳಲ್ಲಿ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳು ಮುಂದೆ ದೊಡ್ಡವರಾದರು, ಮುದುಕರಾದರು. ವಿಜ್ಞಾನಿಗಳು ಅವರನ್ನು ಹುಡುಕಿ ರಕ್ತ ಪರೀಕ್ಷೆ ಮಾಡಿದರು.

2008ರಲ್ಲಿ ಬಾಸ್ಟಿಯಾನ್ ಹೈಮನ್ಸ್ ಮತ್ತು ಜೊತೆಗಾರರು ಒಂದು ಫಲಿತಾಂಶ ಪ್ರಕಟಿಸಿದರು. ಕ್ಷಾಮದ ಸಮಯದಲ್ಲಿ ಗರ್ಭದಲ್ಲಿ ಮೂಡಿದ 60 ಜನರನ್ನು, ಕ್ಷಾಮ ತಾಗದ ಅವರದೇ ಅಣ್ಣತಮ್ಮ ಅಥವಾ ಅಕ್ಕತಂಗಿಯ ಜೊತೆ ಹೋಲಿಸಿದ್ದರು. ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನ್ ಮೇಲೆ ಇರುವ ರಾಸಾಯನಿಕ ಗುರುತು ಕ್ಷಾಮದ ಮಕ್ಕಳಲ್ಲಿ ಸ್ವಲ್ಪ ಕಡಿಮೆ ಇತ್ತು. ಅದೂ ಸುಮಾರು 60 ವರ್ಷ ಕಳೆದ ಮೇಲೆ! ತಾಯಿಯ ಹಸಿವು ಮಗುವಿನ ಜೀನ್ ಮೇಲೆ ಮುದ್ರೆ ಒತ್ತಿದೆ ಎಂಬ ಕಥೆ ಜಗತ್ತಿನ ತುಂಬ ಹರಡಿತು.

ನನಗೂ ಆ ಕಥೆ ತುಂಬ ದಿನ ಹಾಗೇ ಕಾಣುತ್ತಿತ್ತು. ಆಮೇಲೆ ಅದೇ ಕ್ಷಾಮದ ಇನ್ನೊಂದು ಸಂಗತಿ ಓದಿದೆ. ಹಸಿವು ತೀರಾ ಜೋರಾಗಿದ್ದ ದಿನಗಳಿಂದ ಒಂಬತ್ತು ತಿಂಗಳು ಮುಂದೆ ಹೋಗಿ ನೋಡಿದರೆ, ಹೆರಿಗೆಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿತ್ತು. ಅಂದರೆ, ಮಾಮೂಲಿ ವರ್ಷದಲ್ಲಿ ಹುಟ್ಟಬೇಕಿದ್ದ ಮಕ್ಕಳಲ್ಲಿ ಅರ್ಧದಷ್ಟು ಹುಟ್ಟಲೇ ಇಲ್ಲ. ಅಧ್ಯಯನಕ್ಕೆ ರಕ್ತ ಕೊಟ್ಟವರು ಉಳಿದ ಅರ್ಧದವರು. ಹಾಗಾದರೆ ಆ ಗುರುತನ್ನು ಕ್ಷಾಮ ಒತ್ತಿತೇ? ಅಥವಾ ಆ ಗುರುತು ಮೊದಲೇ ಕಡಿಮೆ ಇದ್ದವರು ಮಾತ್ರ ಕ್ಷಾಮವನ್ನು ದಾಟಿ ಬಂದರೇ?

ಈ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಆದರೆ ಉತ್ತರ ಪೂರ್ತಿ ಬೇರೆ. ಜೀನ್ ಮೇಲಿನ ಇಂಥ ಗುರುತುಗಳನ್ನು ಓದುವ ವಿಜ್ಞಾನವೇ ಎಪಿಜೆನೆಟಿಕ್ಸ್. ಜನಸಮೂಹದ ಮೇಲೆ ನಡೆಯುವ ಅದರ ಅಧ್ಯಯನಗಳಲ್ಲಿ ಇಂಥ ತೊಡಕನ್ನು ಸೆಲೆಕ್ಷನ್ ಬಯಾಸ್ ಅಥವಾ ಆಯ್ಕೆ ಪಕ್ಷಪಾತ ಎನ್ನುತ್ತಾರೆ. ಪಕ್ಷಪಾತ ಅಂದ ತಕ್ಷಣ ಯಾರೋ ಬೇಕಂತಲೇ ಮೋಸ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಮ್ಮ ಕೈಗೆ ಸಿಕ್ಕ ಜನ ಯಾವುದೋ ಜರಡಿಯಿಂದ ಸೋಸಿ ಬಂದವರು ಎಂಬುದಷ್ಟೇ ಅದರ ಅರ್ಥ. ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಮಾತ್ರ ನೋಡಿದವರಿಗೆ ಆ ಹೊಳೆಯಲ್ಲಿ ಮರಳೇ ಇಲ್ಲ ಅನ್ನಿಸುತ್ತದೆ.

ಮೊದಲು ಆ ಗುರುತು ಏನು ಅಂತ ಸ್ವಲ್ಪ ನೋಡೋಣ. ನಮ್ಮ ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಅವು ಮಾಡುವ ಕೆಲಸ ಬೇರೆ ಬೇರೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ತೀರ್ಮಾನಿಸಲು ಡಿಎನ್‌ಎ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳಿವೆ. ಅವುಗಳಲ್ಲಿ ಜಾಸ್ತಿ ಅಧ್ಯಯನವಾಗಿರುವುದು ಮೀಥೈಲ್ ಗುರುತು. ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಪುಟ್ಟ ತುಣುಕು ಅದು. ಡಿಎನ್‌ಎಯ ಒಂದು ಜಾಗದಲ್ಲಿ ಅದು ಅಂಟಿರುತ್ತದೆ ಅಥವಾ ಇರುವುದಿಲ್ಲ. ರಕ್ತದ ಒಂದು ಮಾದರಿಯಲ್ಲಿ ಲಕ್ಷಾಂತರ ಕೋಶಗಳು ಇರುವುದರಿಂದ ನಮಗೆ ಸಿಗುವುದು ಶೇಕಡಾವಾರು ಲೆಕ್ಕ. ಈ ಜಾಗದಲ್ಲಿ ಶೇ 50ರಷ್ಟು ಗುರುತು ಇದೆ, ಆ ಜಾಗದಲ್ಲಿ ಶೇ 80, ಹೀಗೆ. ಈಗಿನ ಚಿಪ್‌ಗಳು ಒಬ್ಬರ ಡಿಎನ್‌ಎಯಲ್ಲಿ 8 ಲಕ್ಷಕ್ಕೂ ಹೆಚ್ಚು ಜಾಗಗಳನ್ನು ಒಂದೇ ಸಲಕ್ಕೆ ಓದುತ್ತವೆ.

ಈ ಗುರುತುಗಳಿಗೆ ಒಂದು ವಿಶೇಷ ಗುಣವಿದೆ. ನಾವು ಹುಟ್ಟುವಾಗ ಪಡೆದ ಡಿಎನ್‌ಎ ಅಕ್ಷರಗಳನ್ನು ಸಿಗರೇಟಾಗಲಿ, ಹಸಿವಾಗಲಿ ಹಾಗೆಲ್ಲ ತಿದ್ದಿ ಬರೆಯುವುದಿಲ್ಲ. ಮೀಥೈಲ್ ಗುರುತು ಹಾಗಲ್ಲ. ಅದು ಬದುಕಿನ ಪರಿಣಾಮವಾಗಿಯೂ ಬದಲಾಗಬಹುದು, ಬದುಕಿನ ಮೇಲೆ ಪರಿಣಾಮವನ್ನೂ ಬೀರಬಹುದು. ಕಾರಣವೂ ಅದೇ, ಫಲವೂ ಅದೇ. ಅದಕ್ಕೇ ಇಲ್ಲಿ ಜರಡಿಯ ಪ್ರಶ್ನೆ ಬೇರೆ ಕಡೆಗಿಂತ ಕಷ್ಟ. ಗುರುತು ಬದಲಾಗಿದ್ದು ಕಂಡರೆ ‘ಯಾವುದೋ ಅನುಭವ ಇದನ್ನು ಬದಲಿಸಿದೆ’ ಎಂದು ಮನಸ್ಸು ತಕ್ಷಣ ಹೇಳಿಬಿಡುತ್ತದೆ.

ಈಗ ಭ್ರೂಣದ ಮೊದಲ ದಿನಗಳಿಗೆ ಹೋಗೋಣ. ಗರ್ಭ ಕಟ್ಟಿದ ಮೇಲೆ ತಂದೆತಾಯಿಯಿಂದ ಬಂದ ಮೀಥೈಲ್ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ಆಮೇಲೆ ಹೊಸದಾಗಿ ಬರೆಯುವ ಕೆಲಸ ಶುರುವಾಗುತ್ತದೆ. ಈ ಬರವಣಿಗೆ ಪ್ರತಿ ಭ್ರೂಣದಲ್ಲೂ ತದ್ರೂಪವಾಗಿ ಇರುವುದಿಲ್ಲ. ಸುಮ್ನೆ ಆಕಸ್ಮಿಕವಾಗಿಯೇ ಒಂದರಲ್ಲಿ ಸ್ವಲ್ಪ ಜಾಸ್ತಿ, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ.

ಒಂದು ಲೆಕ್ಕ ಊಹಿಸಿಕೊಳ್ಳಿ. ಇದು ತಿಳಿಯಲಿ ಎಂದು ನಾನೇ ಕಟ್ಟಿದ ಲೆಕ್ಕ. 100 ಭ್ರೂಣಗಳಿವೆ. 50ರಲ್ಲಿ ಒಂದು ಜೀನ್ ಮೇಲೆ ಗುರುತು ಜಾಸ್ತಿ, 50ರಲ್ಲಿ ಕಡಿಮೆ. ಊಟಕ್ಕೆ ಕೊರತೆಯಿಲ್ಲದ ವರ್ಷದಲ್ಲಿ ಎರಡೂ ಗುಂಪಿನಿಂದ ತಲಾ 40 ಮಕ್ಕಳು ಹುಟ್ಟುತ್ತವೆ. ಪಾಲು ಅರ್ಧ ಅರ್ಧ. ಕ್ಷಾಮದ ವರ್ಷದಲ್ಲಿ ಗುರುತು ಜಾಸ್ತಿ ಇದ್ದವುಗಳಲ್ಲಿ 15 ಮಾತ್ರ ಉಳಿಯುತ್ತವೆ, ಕಡಿಮೆ ಇದ್ದವುಗಳಲ್ಲಿ 30 ಉಳಿಯುತ್ತವೆ. ಈಗ ಹುಟ್ಟಿದ 45 ಮಕ್ಕಳಲ್ಲಿ 30, ಅಂದರೆ ಮೂರರಲ್ಲಿ ಎರಡು ಪಾಲು, ಗುರುತು ಕಡಿಮೆ ಇರುವ ಮಕ್ಕಳು. 60 ವರ್ಷದ ನಂತರ ಇವರ ರಕ್ತ ತೆಗೆದು ನೋಡಿದವರು ಏನನ್ನುತ್ತಾರೆ? ಕ್ಷಾಮ ಗುರುತನ್ನು ತಗ್ಗಿಸಿದೆ ಅನ್ನುತ್ತಾರೆ. ಆದರೆ ಈ ಲೆಕ್ಕದಲ್ಲಿ ಒಂದೇ ಒಂದು ಮಗುವಿನ ಗುರುತೂ ಬದಲಾಗಿಲ್ಲ. ಬದಲಾಗಿದ್ದು ಯಾರು ಹುಟ್ಟಿದರು ಎಂಬುದು.

ಒಡಹುಟ್ಟಿದವರ ಜೊತೆ ಹೋಲಿಸಿದ್ದಾರಲ್ಲ, ಅದು ಸಾಕಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅದು ಒಳ್ಳೆಯ ಹೋಲಿಕೆ, ಅನುಮಾನವಿಲ್ಲ. ಒಂದೇ ತಂದೆತಾಯಿ, ಒಂದೇ ಮನೆ, ಸುಮಾರು ಒಂದೇ ಬಗೆಯ ಬಾಲ್ಯ. ಎಷ್ಟೋ ಗೊಂದಲ ಅಲ್ಲಿಗೇ ಕಳೆಯುತ್ತದೆ. ಕ್ಷಾಮದಲ್ಲಿ ಕೂಲಿ ಕಾರ್ಮಿಕರ ಮನೆಗಳಲ್ಲಿ ಹೆರಿಗೆ ಉಳಿದವರಿಗಿಂತ ಜಾಸ್ತಿ ಕುಸಿದಿತ್ತು. ಅಂಥ ವ್ಯತ್ಯಾಸವನ್ನು ಈ ಹೋಲಿಕೆ ಸರಿದೂಗಿಸುತ್ತದೆ. ಆದರೆ ಹುಟ್ಟದೇ ಹೋದ ಇನ್ನೊಬ್ಬ ತಮ್ಮನೋ ತಂಗಿಯೋ ಈ ಹೋಲಿಕೆಯಲ್ಲೂ ಇಲ್ಲ.

2018ರಲ್ಲಿ ಎಲ್ಮಾರ್ ಟೋಬಿ, ಟೋಬಿಯಾಸ್ ಉಲ್ಲರ್ ಮೊದಲಾದವರು ಈ ಸಂಶಯವನ್ನು ಎತ್ತಿಕೊಂಡು ಗಣಿತದ ಒಂದು ಮಾದರಿ ಕಟ್ಟಿದರು. ಅದೇ ಹೈಮನ್ಸ್ ಕೂಡ ಆ ತಂಡದಲ್ಲಿದ್ದರು. ತಾವೇ ಕಂಡುಹಿಡಿದ ಫಲಿತಾಂಶಕ್ಕೆ ಬೇರೆ ವಿವರಣೆ ಇರಬಹುದೇ ಎಂದು ತಾವೇ ಹುಡುಕಿದ ಇಂಥ ವಿಜ್ಞಾನಿಗಳ ಬಗ್ಗೆ ನನಗೆ ತುಂಬ ಗೌರವ. ಒತ್ತಿದ ಗುರುತನ್ನೂ ಸೋಸಿ ಉಳಿದ ಗುರುತನ್ನೂ ಬೇರ್ಪಡಿಸಲು ಅವರು ಒಂದು ಸುಳಿವು ಕೊಟ್ಟರು. ಅದು ನನಗೆ ಈ ಇಡೀ ವಿಷಯದಲ್ಲೇ ಬಹಳ ಹಿಡಿಸಿದ ಭಾಗ.

ಮೈದಾನದಲ್ಲಿ ಜನ ಒಂದು ಉದ್ದ ಸಾಲಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಎಲ್ಲರೂ ಎಡಕ್ಕೆ ಎರಡು ಹೆಜ್ಜೆ ಸರಿದರೆ ಸಾಲಿನ ಮಧ್ಯಭಾಗ ಎಡಕ್ಕೆ ಹೋಗುತ್ತದೆ, ಆದರೆ ಸಾಲಿನ ಉದ್ದ ಅಷ್ಟೇ ಇರುತ್ತದೆ. ಯಾರೂ ಕದಲದೆ, ಬಲ ತುದಿಯವರು ಮಾತ್ರ ಮನೆಗೆ ಹೋದರೆ? ಆಗಲೂ ಮಧ್ಯಭಾಗ ಎಡಕ್ಕೇ ಹೋಗುತ್ತದೆ. ಆದರೆ ಸಾಲು ಗಿಡ್ಡವಾಗುತ್ತದೆ. ಹಸಿವು ಎಲ್ಲರ ಮೇಲೂ ಗುರುತು ಒತ್ತಿದ್ದರೆ ಸರಾಸರಿ ಮಾತ್ರ ಸರಿಯಬೇಕು. ಜರಡಿ ಹಿಡಿದಿದ್ದರೆ ಸರಾಸರಿಯ ಜೊತೆ ಜನರ ನಡುವಿನ ಏರಿಳಿತವೂ ಕಿರಿದಾಗಬೇಕು. ಕ್ಷಾಮಕ್ಕೆ ಸಿಕ್ಕವರ ಮಾಹಿತಿಯನ್ನು ಅವರು ಹೀಗೆ ನೋಡಿದಾಗ ಆ ಏರಿಳಿತ ಕಿರಿದಾಗಿದ್ದು ಕಂಡಿತು. ಇದರಿಂದ ಒತ್ತಿದ ಗುರುತುಗಳು ಇಲ್ಲವೇ ಇಲ್ಲ ಎಂದು ಆಗಲಿಲ್ಲ. ಎರಡೂ ಒಟ್ಟಿಗೆ ನಡೆದಿರಬಹುದು. ಆದರೆ ಜರಡಿಯ ಮಾತನ್ನು ಇನ್ನು ಯಾರೂ ಬದಿಗಿಡುವಂತಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಒತ್ತಿದ ಗುರುತಿನ ಕಥೆ ಕೊನೆಗೆ ತಾಯಂದಿರ ತಲೆಗೆ ಬರುತ್ತದೆ. ನೀನು ಸರಿಯಾಗಿ ತಿನ್ನಲಿಲ್ಲ, ನೀನು ಚಿಂತೆ ಮಾಡಿದೆ, ಅದಕ್ಕೇ ಮಗುವಿನ ಜೀನ್ ಮೇಲೆ ಕಲೆ ಉಳಿಯಿತು ಅನ್ನುವ ಮಾತು ಎಷ್ಟು ಸುಲಭವಾಗಿ ಹುಟ್ಟುತ್ತದೆ ಅಲ್ವಾ? ನಿಜವಾಗಿ ನಡೆದದ್ದು ಬದುಕಿ ಉಳಿಯುವ ಹೋರಾಟವಾಗಿದ್ದರೆ, ಆ ತಾಯಿಯ ಮೇಲೆ ಹೊರಿಸಿದ ಭಾರ ಬರಿ ಅನ್ಯಾಯ.

ಹುಟ್ಟುವ ಮೊದಲಿನ ಜರಡಿಯನ್ನು ಬಿಟ್ಟು, ಹುಟ್ಟಿದ ಮೇಲಿನವಕ್ಕೆ ಬರೋಣ. ಇಲ್ಲಿ ತೊಡಕು ಇನ್ನೂ ಸೂಕ್ಷ್ಮ. ಅಧ್ಯಯನಕ್ಕೆ ಬರುವವರಲ್ಲಿ ಆರೋಗ್ಯವಂತರು ಜಾಸ್ತಿ ಇದ್ದರೆ ಏನಾಯಿತು, ಸರಾಸರಿ ಸ್ವಲ್ಪ ಏರುಪೇರಾಗಬಹುದು ಅಷ್ಟೇ ಎಂದು ಅನೇಕರು ಅಂದುಕೊಳ್ಳುತ್ತಾರೆ. ಅಷ್ಟೇ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸಂಗತಿಗಳ ನಡುವೆ ಜರಡಿ ಹೊಸ ಸಂಬಂಧವನ್ನೇ ಹುಟ್ಟಿಸಬಲ್ಲದು.

ಮತ್ತೆ ಒಂದು ಕಟ್ಟಿದ ಲೆಕ್ಕ. 400 ಜನರಿದ್ದಾರೆ. 200 ಜನರ ಬಾಲ್ಯ ಕಷ್ಟದ್ದು, 200 ಜನರದ್ದು ಸುಖದ್ದು. ಎರಡೂ ಗುಂಪಿನಲ್ಲಿ ಸರಿಯಾಗಿ ಅರ್ಧ ಜನರಿಗೆ ಒಂದು ಮೀಥೈಲ್ ಗುರುತಿದೆ. ಅಂದರೆ ಬಾಲ್ಯಕ್ಕೂ ಗುರುತಿಗೂ ಸಂಬಂಧವಿಲ್ಲ. ಆದರೆ ಎರಡೂ ಬೇರೆ ಬೇರೆ ದಾರಿಯಲ್ಲಿ ಆರೋಗ್ಯವನ್ನು ಕೆಡಿಸುತ್ತವೆ. ಆರೋಗ್ಯ ಕೆಟ್ಟವರು ಅಧ್ಯಯನಕ್ಕೆ ಬರುವುದು ಕಡಿಮೆ. ಸುಖದ ಬಾಲ್ಯ, ಗುರುತೂ ಇಲ್ಲ ಎನ್ನುವ 100 ಜನರಲ್ಲಿ 80 ಜನ ಬರುತ್ತಾರೆ. ಎರಡರಲ್ಲಿ ಒಂದು ಮಾತ್ರ ಇರುವವರು ನೂರಕ್ಕೆ 40. ಎರಡೂ ಇರುವವರು ನೂರಕ್ಕೆ 5.

ಈಗ ಬಂದವರನ್ನು ಮಾತ್ರ ಎಣಿಸಿ. ಸುಖದ ಬಾಲ್ಯದವರು 120 ಜನ, ಅವರಲ್ಲಿ ಗುರುತಿರುವವರು 40. ಮೂರರಲ್ಲಿ ಒಂದು ಪಾಲು. ಕಷ್ಟದ ಬಾಲ್ಯದವರು 45 ಜನ, ಅವರಲ್ಲಿ ಗುರುತಿರುವವರು 5. ಒಂಬತ್ತರಲ್ಲಿ ಒಂದು ಪಾಲು. ಕಷ್ಟದ ಬಾಲ್ಯ ಆ ಗುರುತನ್ನು ಅಳಿಸುತ್ತದೆ ಎಂದು ಮಾಹಿತಿ ಸಾರಿ ಹೇಳುತ್ತಿದೆ! ಇಂಥದ್ದೇನೂ ನಡೆದಿಲ್ಲ ಎಂಬುದು ನಮಗೆ ಗೊತ್ತು, ಏಕೆಂದರೆ ಲೆಕ್ಕ ಕಟ್ಟಿದ್ದೇ ನಾವು. ನಿಜವಾದ ಅಧ್ಯಯನದಲ್ಲಿ ಆ ಭಾಗ್ಯ ಇರುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಎರಡೂ ಇರುವವರು ನೂರಕ್ಕೆ 5ರ ಬದಲು 20 ಜನ ಬಂದಿದ್ದರೆ? ಆಗ ಕಷ್ಟದ ಬಾಲ್ಯದವರು 60, ಗುರುತಿರುವವರು 20. ಅಲ್ಲೂ ಮೂರರಲ್ಲಿ ಒಂದು ಪಾಲು. ಸುಳ್ಳು ಸಂಬಂಧ ಮಾಯ. ಗುರುತು ಒಂದೇ ಇದ್ದಾಗ ಬರುವವರು ಅರ್ಧವಾದರು, ಬಾಲ್ಯದ ಕಷ್ಟ ಸೇರಿದಾಗ ಇನ್ನರ್ಧವಾದರು, ಅಷ್ಟೇ ಆಗಿದ್ದು. ಜನ ತಪ್ಪಿಹೋದ ಮಾತ್ರಕ್ಕೆ ಅಧ್ಯಯನ ಹಾಳಾಗುವುದಿಲ್ಲ. ಯಾವ ಲೆಕ್ಕಾಚಾರದಲ್ಲಿ ತಪ್ಪಿಹೋದರು ಎಂಬುದರ ಮೇಲೆ ಎಲ್ಲ ನಿಂತಿದೆ.

ಎರಡು ಕಾರಣಗಳು ಬಂದು ಸೇರುವ ಇಂಥ ಜಾಗವನ್ನು ಕೊಲೈಡರ್ ಎನ್ನುತ್ತಾರೆ. 1946ರಲ್ಲೇ ಜೋಸೆಫ್ ಬರ್ಕ್‌ಸನ್ ಎಂಬ ವೈದ್ಯ ಇದನ್ನು ತೋರಿಸಿದ್ದರು. ಆಸ್ಪತ್ರೆಗೆ ಸೇರಿದ ರೋಗಿಗಳನ್ನು ಮಾತ್ರ ನೋಡಿದರೆ, ಹೊರಗೆ ಸಂಬಂಧವೇ ಇಲ್ಲದ ಎರಡು ಕಾಯಿಲೆಗಳು ಒಳಗೆ ಜೊತೆಯಾಗಿ ಕಾಣಬಹುದು. 1971ರಲ್ಲಿ ಜೇಕಬ್ ಯೆರುಶಾಲ್ಮಿ ಇನ್ನೊಂದು ವಿಚಿತ್ರ ಕಂಡರು. ಕಡಿಮೆ ತೂಕದ ಶಿಶುಗಳನ್ನು ಮಾತ್ರ ತೆಗೆದುಕೊಂಡರೆ, ಸಿಗರೇಟು ಸೇದುವ ತಾಯಂದಿರ ಶಿಶುಗಳೇ ಹೆಚ್ಚು ಉಳಿಯುತ್ತಿದ್ದವು. ಸಿಗರೇಟು ಕಾಪಾಡಿತು ಅಂತಲ್ಲ. ತಾಯಿ ಸೇದದೇ ಇದ್ದೂ ಮಗುವಿನ ತೂಕ ಕಡಿಮೆಯಾಗಿದ್ದರೆ, ಅದರ ಹಿಂದೆ ಹುಟ್ಟಿನಿಂದ ಬಂದ ತೊಂದರೆಯಂಥ ಇನ್ನೂ ಗಂಭೀರ ಕಾರಣ ಇರುವ ಸಂಭವ ಜಾಸ್ತಿ. ಕಡಿಮೆ ತೂಕದವರನ್ನು ಮಾತ್ರ ಆರಿಸಿದ್ದೇ ಜರಡಿಯಾಯಿತು.

ನಿಜವಾದ ಅಧ್ಯಯನಗಳಲ್ಲಿ ಜರಡಿಗಳು ಒಂದರ ಕೆಳಗೊಂದು ಇರುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991ರ ಏಪ್ರಿಲ್‌ನಿಂದ 1992ರ ಡಿಸೆಂಬರ್ ಒಳಗೆ ಹೆರಿಗೆ ಆಗಬೇಕಿದ್ದ ಗರ್ಭಿಣಿಯರನ್ನು ಸೇರಿಸಿಕೊಂಡ ಆಲ್‌ಸ್ಪ್ಯಾಕ್ ಎಂಬ ಹೆಸರಾಂತ ಅಧ್ಯಯನವಿದೆ. ಮೊದಲಿಗೆ ಸೇರಿದ್ದು 14,541 ಗರ್ಭಗಳು. ಅದರಲ್ಲಿ ಮೀಥೈಲ್ ಗುರುತು ಅಳೆಯಲು ಆರಿಸಿದ್ದು ಸುಮಾರು 1000 ತಾಯಿ-ಮಗು ಜೋಡಿಗಳನ್ನು. ಆ ಉಪ ಅಧ್ಯಯನದ ಹೆಸರು ಏರೀಸ್. ಹುಟ್ಟಿದಾಗ, ಏಳರ ಆಸುಪಾಸಿನಲ್ಲಿ, ಹದಿಹರೆಯದಲ್ಲಿ, ತಾಯಿಗೂ ಎರಡು ಸಲ, ಹೀಗೆ ಎಲ್ಲ ಹಂತದಲ್ಲೂ ಡಿಎನ್‌ಎ ಮಾದರಿ ಸಿಕ್ಕವರು ಬೇಕಿತ್ತು. ಹದಿನೈದು ಹದಿನೇಳು ವರ್ಷ ತಪ್ಪದೆ ಬರುತ್ತಲೇ ಇರುವ ಕುಟುಂಬ ಎಂಥದ್ದಿರುತ್ತದೆ? ಈ ತಾಯಂದಿರು ಉಳಿದವರಿಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ದೈಹಿಕ ದುಡಿಮೆಯ ಮನೆಗಳವರು ಕಡಿಮೆ, ಗರ್ಭಿಣಿಯಾಗಿದ್ದಾಗ ಸಿಗರೇಟು ಸೇದಿದವರೂ ಕಡಿಮೆ. ಇದನ್ನು ಸಂಶೋಧಕರೇ ಬಿಚ್ಚಿ ಹೇಳಿದ್ದಾರೆ. ಅವರ ಮಾಹಿತಿಯನ್ನು ಬಳಸುವ ಬೇರೆ ಎಷ್ಟೋ ಜನ ಆ ಸಾಲನ್ನು ಓದದೆ ಮುಂದೆ ಹೋಗುತ್ತಾರೆ ಎಂಬುದೇ ನನ್ನ ಬೇಸರ.

ಜನರ ಸಂಖ್ಯೆ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲವೇ? ಇಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ಅಧ್ಯಯನ 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ ಸುಮಾರು 92 ಲಕ್ಷ ಜನರಿಗೆ ಕರೆ ಕಳಿಸಿತು. ಬಂದವರು 5 ಲಕ್ಷ, ಅಂದರೆ ಶೇ 5.5. ಹೀಗೆ ಬಂದವರಲ್ಲಿ 70ರಿಂದ 74 ವಯಸ್ಸಿನಲ್ಲಿ ಸಾವಿನ ಪ್ರಮಾಣ ದೇಶದ ಸಾಮಾನ್ಯ ಜನರಲ್ಲಿ ಇರುವುದರ ಸುಮಾರು ಅರ್ಧ ಮಾತ್ರ. ಸಂಖ್ಯೆ ದೊಡ್ಡದಾದಾಗ ಉತ್ತರದಲ್ಲಿನ ಅಲುಗಾಟ ಕಡಿಮೆಯಾಗುತ್ತದೆ. ವಾಲಿಕೆ ಹಾಗೇ ಉಳಿಯುತ್ತದೆ.

ವಯಸ್ಸಿನ ಜರಡಿ ಇನ್ನೊಂದು. 2013ರಲ್ಲಿ ಸ್ಟೀವ್ ಹೋರ್ವಾತ್ ಡಿಎನ್‌ಎಯ 353 ಜಾಗಗಳ ಮೀಥೈಲ್ ಗುರುತು ನೋಡಿ ವಯಸ್ಸು ಅಂದಾಜು ಮಾಡುವ ‘ಗಡಿಯಾರ’ವನ್ನು ಕಟ್ಟಿದರು. ನಿಜವಾದ ವಯಸ್ಸಿಗಿಂತ ಈ ಗಡಿಯಾರ ಮುಂದೆ ಓಡುತ್ತಿದ್ದರೆ ಸಾವಿನ ಅಪಾಯ ಸ್ವಲ್ಪ ಹೆಚ್ಚು ಎಂದು 2015ರಲ್ಲಿ ಒಂದು ಅಧ್ಯಯನ ತೋರಿಸಿತು. ಅದರಲ್ಲಿ ಸ್ಕಾಟ್ಲೆಂಡಿನ ಲೋಥಿಯನ್ ಗುಂಪುಗಳೂ ಇದ್ದವು. 1936ರಲ್ಲಿ ಹುಟ್ಟಿದ ಸ್ಕಾಟಿಷ್ ಮಕ್ಕಳಲ್ಲಿ 70,805 ಮಂದಿ 1947ರಲ್ಲಿ ಶಾಲೆಯಲ್ಲಿ ಬುದ್ಧಿ ಪರೀಕ್ಷೆ ಬರೆದಿದ್ದರು. ಅವರಲ್ಲಿ ಎಡಿನ್‌ಬರೋ ಸುತ್ತಮುತ್ತ ವಾಸವಿದ್ದ 1091 ಮಂದಿ ಸುಮಾರು 70ನೇ ವಯಸ್ಸಿನಲ್ಲಿ ಮತ್ತೆ ಅಧ್ಯಯನಕ್ಕೆ ಸೇರಿದರು. ಬದುಕಿದ್ದು, ಊರಲ್ಲೇ ಇದ್ದು, ಓಡಾಡಲು ಆಗುತ್ತಿದ್ದು, ಬರಲು ಮನಸ್ಸೂ ಇದ್ದವರು ಇವರು.

ಗಡಿಯಾರ ಬೇಗ ಓಡುವವರು ಬೇಗ ಹೋಗುವುದಾದರೆ, 85ನೇ ವಯಸ್ಸಿಗೆ ಉಳಿದಿರುವವರು ಯಾರು? ನಿಧಾನ ಗಡಿಯಾರದವರು. ಅಂಥವರನ್ನು ಅಳೆದರೆ ಮುಪ್ಪಿನಲ್ಲಿ ಗಡಿಯಾರ ನಿಧಾನವಾಗುತ್ತದೆ ಅನ್ನಿಸುತ್ತದೆ. ಇಡೀ ಕಾರಣ ಇದೇ ಅಲ್ಲ. ಹಿರಿಯರ ವಯಸ್ಸನ್ನು ಕಡಿಮೆ ಅಂದಾಜು ಮಾಡುವ ದೋಷ ಗಡಿಯಾರದಲ್ಲೇ ಇದೆ. ಎರಡೂ ಬೆರೆತಿರುವುದರಿಂದಲೇ ಬಿಡಿಸುವುದು ಕಷ್ಟ.

ಜರಡಿ ಒಬ್ಬ ವ್ಯಕ್ತಿಯ ಒಳಗೂ ಇದೆ. ರಕ್ತದಲ್ಲಿ ಹಲವು ಬಗೆಯ ಬಿಳಿ ಕೋಶಗಳಿವೆ. ಪ್ರತಿ ಬಗೆಗೂ ತನ್ನದೇ ಮೀಥೈಲ್ ವಿನ್ಯಾಸ. ಸೋಂಕು ತಗಲಿದಾಗ ಅಥವಾ ಒತ್ತಡದಲ್ಲಿದ್ದಾಗ ನ್ಯೂಟ್ರೋಫಿಲ್ ಕೋಶಗಳ ಪಾಲು ಏರುತ್ತದೆ. ಯಾವ ಕೋಶದ ಗುರುತೂ ಬದಲಾಗದಿದ್ದರೂ ಒಟ್ಟು ಶೇಕಡಾವಾರು ಬದಲಾಗುತ್ತದೆ. 2012ರಲ್ಲಿ ಯುಜೀನ್ ಆಂಡ್ರೆಸ್ ಹೌಸ್‌ಮನ್ ತಂಡ ಈ ಪಾಲನ್ನು ಮೀಥೈಲ್ ಮಾಹಿತಿಯಿಂದಲೇ ಅಂದಾಜು ಮಾಡುವ ದಾರಿ ತೋರಿಸಿದ ಮೇಲೆ ಇಂಥ ತಪ್ಪು ಬಹಳ ಕಡಿಮೆಯಾಯಿತು. ಆದರೆ ಮುಪ್ಪಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ರಕ್ತ ಹುಟ್ಟಿಸುವ ಒಂದು ಮೂಲಕೋಶದಲ್ಲಿ ಆಕಸ್ಮಿಕ ತಿದ್ದುಪಡಿಯಾಗಿ, ಅದರ ಸಂತಾನವೇ ರಕ್ತದಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಹೀಗೆ ಹೆಚ್ಚಾಗಿ ಕೆಡುವ ಜೀನ್‌ಗಳೆಂದರೆ ಡಿಎನ್‌ಎಂಟಿ3ಎ ಮತ್ತು ಟೆಟ್2. ಮೊದಲನೆಯದು ಮೀಥೈಲ್ ಗುರುತನ್ನು ಅಂಟಿಸುತ್ತದೆ, ಎರಡನೆಯದು ತೆಗೆಯಲು ನೆರವಾಗುತ್ತದೆ. ಹಿರಿಯರ ರಕ್ತದಲ್ಲಿ ಗುರುತು ಬದಲಾಗಿದ್ದು ಕಂಡರೆ, ಬದುಕಿನ ಅನುಭವ ಅದನ್ನು ಬದಲಿಸಿತೋ, ಒಂದು ಕೋಶದ ವಂಶ ಉಳಿದವುಗಳನ್ನು ಹಿಂದೆ ಹಾಕಿತೋ ಎಂದು ಕೇಳಲೇಬೇಕು. ಕ್ಷಾಮದ ಭ್ರೂಣಗಳ ಪ್ರಶ್ನೆಯೇ ಇಲ್ಲಿ ಒಂದು ಹನಿ ರಕ್ತದಲ್ಲಿ ಮತ್ತೆ ಎದುರಾಗುತ್ತದೆ.

ಹಾಗಾದರೆ ಏನು ಮಾಡುತ್ತಾರೆ? ಒಂದು ದಾರಿ, ತೂಕ ಕೊಡುವುದು. ಒಂದು ಬಗೆಯ ಜನರಲ್ಲಿ ಹತ್ತಕ್ಕೆ ಒಬ್ಬರು ಬಂದಿದ್ದರೆ, ಬಂದ ಆ ಒಬ್ಬರನ್ನು ಹತ್ತು ಜನ ಎಂದು ಎಣಿಸುತ್ತಾರೆ. ಎರಡಕ್ಕೆ ಒಬ್ಬರು ಬಂದಿದ್ದರೆ ಇಬ್ಬರು ಎಂದು. ಈ ಉಪಾಯದ ಬುನಾದಿ 1952ರಲ್ಲೇ ಹೋರ್ವಿಟ್ಜ್ ಮತ್ತು ಥಾಂಪ್ಸನ್ ಹಾಕಿದ್ದು. ಆದರೆ ಬಾರದವರ ಬಗ್ಗೆ ಏನಾದರೂ ಗೊತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ವಯಸ್ಸು, ಓದು, ಕೆಲಸ ಇವನ್ನು ಮೊದಲೇ ಬರೆದಿಟ್ಟಿರಬೇಕು. ಒಂದು ಬಗೆಯವರು ಒಬ್ಬರೂ ಬಂದಿಲ್ಲವಾದರೆ ಯಾರಿಗೆ ತೂಕ ಕೊಡುವುದು? ಆ ಗುರುತೇ ಬಾರದಿರಲು ಕಾರಣವಾಗಿದ್ದರಂತೂ, ಬಾರದವರ ಗುರುತನ್ನು ಅಳೆದವರೇ ಇಲ್ಲ.

ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ಬೇರೆ ಬೇರೆ ತೂತಿನ ಜರಡಿಗಳಲ್ಲಿ ಸೋಸಿದರೂ ಅದೇ ಉತ್ತರ ಬರುತ್ತದೆಯೇ ಎಂದು ನೋಡುವುದು. ಸಿಗರೇಟಿನ ವಿಷಯದಲ್ಲಿ ಇದು ಚೆನ್ನಾಗಿ ನಡೆದಿದೆ. 2016ರಲ್ಲಿ 13 ಅಧ್ಯಯನಗಳ 6,685 ನವಜಾತ ಶಿಶುಗಳ ಮಾಹಿತಿ ಸೇರಿಸಿ ನೋಡಿದರು. ತಾಯಿ ಸಿಗರೇಟು ಸೇದಿದ್ದ ಶಿಶುಗಳಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್ ಮೇಲಿನ ಗುರುತು ತಗ್ಗಿತ್ತು. ತಾವೇ ಸೇದುವ ದೊಡ್ಡವರಲ್ಲೂ ಅದೇ ಜೀನ್‌ನಲ್ಲಿ ಗುರುತು ತಗ್ಗುತ್ತದೆ. ಜಾಸ್ತಿ ಸೇದಿದಷ್ಟೂ ಜಾಸ್ತಿ ತಗ್ಗುತ್ತದೆ. ಬಿಟ್ಟ ಮೇಲೆ ವರ್ಷಗಳು ಕಳೆದಂತೆ ಮೆಲ್ಲಗೆ ಮೇಲೇರುತ್ತದೆ. ಶಿಶುಗಳಿಗೂ ದೊಡ್ಡವರಿಗೂ ಜರಡಿ ಒಂದೇ ಅಲ್ಲ. ಇದನ್ನೆಲ್ಲ ಬರಿ ಆಯ್ಕೆಯಿಂದ ವಿವರಿಸುವುದು ತುಂಬ ಕಷ್ಟ. ಇದು ಒತ್ತಿದ ಗುರುತು ಎಂದು ಧೈರ್ಯವಾಗಿ ಹೇಳಬಹುದು.

ಸ್ವಯಂಸೇವಕರ ಜರಡಿಯನ್ನೇ ತಪ್ಪಿಸುವ ಪ್ರಯತ್ನಗಳೂ ಇವೆ. ಎಷ್ಟೋ ದೇಶಗಳಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ, ಹುಟ್ಟುಕಾಯಿಲೆಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಡೆನ್ಮಾರ್ಕ್ ಈ ಕಾಗದಗಳನ್ನು 1980ರ ದಶಕದಿಂದಲೂ ಕಾದಿಟ್ಟಿದೆ. ಅಲ್ಲಿ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳ ಹನಿಯೂ ಅದರಲ್ಲಿದೆ. ಬಡವರು, ಶ್ರೀಮಂತರು, ಮುಂದೆ ಅಧ್ಯಯನಕ್ಕೆ ಬರುವವರು, ಬಾರದವರು ಎಲ್ಲರೂ. ಆ ಒಣ ಹನಿಯಿಂದ ಮೀಥೈಲ್ ಗುರುತು ಓದಲು ಸಾಧ್ಯ. ಆದರೆ ಕಾಗದದ ಮೇಲೆ ಹನಿ ಬೀಳಬೇಕಾದರೆ ಮಗು ಹುಟ್ಟಿರಬೇಕು. ಗೊತ್ತಾದ ಗರ್ಭಗಳಲ್ಲೇ ನೂರಕ್ಕೆ 10ರಿಂದ 20ರಷ್ಟು ತಾನಾಗಿ ಇಳಿದುಹೋಗುತ್ತವೆ, ಗೊತ್ತಾಗುವ ಮೊದಲೇ ಹೋಗುವವು ಬೇರೆ. ಅವುಗಳ ಲೆಕ್ಕ ಹಿಡಿಯಲು ಸದ್ಯಕ್ಕೆ ಇರುವ ಕೆಲವೇ ದಾರಿಗಳಲ್ಲಿ ಸಾಲಿನ ಉದ್ದ ನೋಡುವ ಆ ಡಚ್ ಉಪಾಯವೂ ಒಂದು.